ಹಳೆಯ ಪೆಟ್ಟಿಗೆಗೆ ಮರುಜೀವ, ಲೆಕ್ಕದ ಪುಸ್ತಕದಲ್ಲಿ ಶರಾವತಿ

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಿಂತು ನಾಗವಾರದ ಕಡೆಗೊಮ್ಮೆ, ಯಲಹಂಕದ ಕಡೆಗೊಮ್ಮೆ ಕಣ್ಣು ಹಾಯಿಸಿದರೆ ಗಾಜಿನ ಕಟ್ಟಡಗಳ ಸಾಲು ಕಾಣುತ್ತದೆ. ಅಂಥ ಪ್ರತಿಯೊಂದು ಕಟ್ಟಡದೊಳಗೂ ಹೊರಗಿನವರ ಕಣ್ಣಿಗೆ ಬೀಳದ ಒಂದು ತಂಪು ಕೋಣೆ ಇರುತ್ತದೆ. ಕಬ್ಬಿಣದ ಚೌಕಟ್ಟುಗಳಲ್ಲಿ ಸಾಲಾಗಿ ಜೋಡಿಸಿದ ರೌಟರು, ಸ್ವಿಚ್ಚು, ಫೈರ್‌ವಾಲ್ ಪೆಟ್ಟಿಗೆಗಳು ಅಲ್ಲಿ ಹಗಲಿರುಳೂ ದುಡಿಯುತ್ತವೆ. ಕೆಲವು ವರ್ಷಗಳಿಗೊಮ್ಮೆ ಇವು ಒಟ್ಟಿಗೇ ಹೊರಬೀಳುತ್ತವೆ. ಕೆಟ್ಟು ಹೋದದ್ದರಿಂದಲ್ಲ. ತಯಾರಕರ ಬೆಂಬಲದ ಅವಧಿ ಮುಗಿದಿರುತ್ತದೆ, ಬಾಡಿಗೆಯ ಕರಾರು ತೀರಿರುತ್ತದೆ, ಅಥವಾ ಹೆಚ್ಚು ವೇಗದ ಹೊಸ ಮಾದರಿ ಬಂದಿರುತ್ತದೆ. ಹೀಗೆ ಹೊರಬಿದ್ದದ್ದು ರಾಶಿಯಾಗಿ ಹರಾಜಾಗಿ, ಹಳೆಯ ಸಾಮಾನಿನ ವ್ಯಾಪಾರಿಗಳ ಕೈಗೆ ಹೋಗುತ್ತದೆ. ಒರೆಸಿ, ಪರೀಕ್ಷಿಸಿ, ಮತ್ತೆ ಮಾರಾಟಕ್ಕಿಡುತ್ತಾರೆ. ಲಕ್ಷಾಂತರ ರೂಪಾಯಿಗೆ ಕೊಂಡ ಉಪಕರಣ ಕೆಲವೇ ಸಾವಿರಕ್ಕೆ ಸಿಗುತ್ತದೆ. ಆರ್.ಟಿ. ನಗರದ ಬಾಡಿಗೆ ಮನೆಗೋ ಯಲಹಂಕದ ವಸತಿ ಸಮುಚ್ಚಯಕ್ಕೋ ಅದನ್ನು ಒಯ್ದು, ಮನೆಯ ಅಂತರಜಾಲಕ್ಕೆ ರೌಟರನ್ನಾಗಿ ಮಾಡಿಕೊಳ್ಳುವ ಯುವ ಎಂಜಿನಿಯರುಗಳ ಒಂದು ವರ್ಗವೇ ಇದೆ.

ಎಸೆಯುವ ವಸ್ತುವಿಗೆ ಇನ್ನೊಂದು ಬಾಳು ಕೊಡುವ ಈ ಹವ್ಯಾಸವನ್ನು ಪರಿಸರ ಚಳವಳಿ ಸ್ವಾಗತಿಸಬೇಕಲ್ಲವೇ? ಬೇಕು. ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಬೆಂಗಳೂರಿನ ಉತ್ತರ ಭಾಗದ ಒಂದು ಮನೆಯ ಮೂಲೆಯಲ್ಲಿ ಮಿನುಗುವ ದೀಪಕ್ಕೂ ಪಶ್ಚಿಮ ಘಟ್ಟದ ಕಣಿವೆಗೂ ನಡುವೆ ಒಂದು ತಂತಿ ಇದೆ. ಆ ತಂತಿಯ ಈಚೆಯ ತುದಿಯಲ್ಲಿ ವಾಸಿಸುವವರು ಲೆಕ್ಕ ಕೇಳಿದರೆ ಅದು ಅಧಿಕಪ್ರಸಂಗವಾಗದು.

ಮೊದಲು ಈ ಹವ್ಯಾಸದ ಒಳ್ಳೆಯ ಮುಖವನ್ನು ನೋಡೋಣ. ಕಚೇರಿಗಾಗಿ ತಯಾರಾದ ಜಾಲದ ಉಪಕರಣ ಮನೆಗಾಗಿ ತಯಾರಾದುದಕ್ಕಿಂತ ಗಟ್ಟಿ. ಅದಕ್ಕೆ ಲೋಹದ ಮೈ, ಉತ್ತಮ ಗುಣಮಟ್ಟದ ಬಿಡಿಭಾಗಗಳು, ವರ್ಷಗಟ್ಟಲೆ ನಿಲ್ಲದೆ ನಡೆಯುವ ಕಸುವು ಇರುತ್ತವೆ. ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ರೌಟರು ಎರಡು ಬೇಸಿಗೆ ಕಳೆಯುವುದರೊಳಗೆ ಬಿಸಿಯೇರಿ ಮುಗ್ಗರಿಸುವಾಗ, ಹತ್ತು ವರ್ಷದ ಹಿಂದಿನ ಕಚೇರಿಯ ಪೆಟ್ಟಿಗೆ ತಣ್ಣಗೆ ತನ್ನ ಕೆಲಸ ಮಾಡುತ್ತಿರುವುದುಂಟು. ಇದನ್ನು ಸಾಧ್ಯವಾಗಿಸಿದ್ದು ಮುಕ್ತ ತಂತ್ರಾಂಶದ ಚಳವಳಿ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಸಂಸ್ಥೆ ಡಬ್ಲ್ಯುಆರ್‌ಟಿ54ಜಿ ಎಂಬ ಮನೆಬಳಕೆಯ ರೌಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಲಿನಕ್ಸ್ ಇರುವುದು ಬಯಲಾದ ಬಳಿಕ, ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲಸಂಕೇತವನ್ನು ಬಹಿರಂಗಪಡಿಸಬೇಕಾಯಿತು. ಆ ಬೀಜದಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಮೊಳೆಯಿತು. ಅದೇ ವರ್ಷ ಪಿಎಫ್‌ಸೆನ್ಸ್, 2015ರಲ್ಲಿ ಅದರ ಕವಲಾಗಿ ಒಪಿಎನ್‌ಸೆನ್ಸ್ ಹುಟ್ಟಿದವು. ತಯಾರಕರು ಕೈಬಿಟ್ಟ ಅನೇಕ ಪೆಟ್ಟಿಗೆಗಳಿಗೆ ಇಂದಿಗೂ ಹೊಸ ರಕ್ಷಣೆ ಒದಗಿಸುತ್ತಿರುವುದು ಇಂಥ ಸ್ವಯಂಸೇವಕರ, ಸಣ್ಣ ಸಂಸ್ಥೆಗಳ ದುಡಿಮೆ.

ರೈತನಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯು ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಉಳಿಸಿಕೊಟ್ಟಿತು. ಕೊಂಡ ಬೀಜದ ಮೇಲೆ ಮಾರಿದವನ ಹಿಡಿತ ಕೊನೆಯವರೆಗೂ ಇರಬಾರದೆಂಬುದು ಅದರ ತಿರುಳು. ಜಾಲದ ಉಪಕರಣಗಳಲ್ಲಿಯೂ ಎರಡು ಜಾತಿ. ಕೆಲವನ್ನು ತೆರೆದು ಹೊಸ ತಂತ್ರಾಂಶ ತುಂಬಬಹುದು. ಇನ್ನು ಕೆಲವು ತಯಾರಕರ ದೂರದ ಸರ್ವರಿನೊಂದಿಗೆ ಕಟ್ಟಿಹಾಕಲ್ಪಟ್ಟಿರುತ್ತವೆ. ವಾರ್ಷಿಕ ಪರವಾನಗಿಯ ಹಣ ಕಟ್ಟುವುದು ನಿಂತೊಡನೆ ಆ ಪೆಟ್ಟಿಗೆ ಒಳಗಿನಿಂದ ಆರೋಗ್ಯವಾಗಿದ್ದರೂ ಕೆಲಸ ನಿಲ್ಲಿಸುತ್ತದೆ. ಮೊಳಕೆಯೊಡೆಯದ ಬೀಜಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಬಳಕೆ ಮುಗಿದ ಮೇಲೂ ಬೀಗ ತೆಗೆಯದ ಉಪಕರಣವೆಂದರೆ ತಯಾರಾದ ದಿನವೇ ಕಸವೆಂದು ನಿಶ್ಚಯಿಸಲ್ಪಟ್ಟ ಉಪಕರಣ.

ಕಸದ ಪ್ರಮಾಣವೂ ಸಣ್ಣದಲ್ಲ. 2024ರಲ್ಲಿ ಪ್ರಕಟವಾದ ಜಾಗತಿಕ ಇ-ತ್ಯಾಜ್ಯ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ಹಾದಿ ಹಿಡಿದದ್ದೆಂದು ದಾಖಲಾದದ್ದು ಶೇಕಡಾ 22.3 ಮಾತ್ರ. ಬೆಂಗಳೂರು ಈ ವಿಷಯದಲ್ಲಿ ದೇಶದ ಇತರ ನಗರಗಳಿಗಿಂತ ಮೊದಲೇ ಎಚ್ಚೆತ್ತಿತ್ತು. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ನೆಲಮಂಗಲದಾಚೆ ಸಿಗುವ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆ 2005ರಲ್ಲಿ ಕೆಲಸ ಆರಂಭಿಸಿದಾಗ, ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆ ಎಂಬ ಮಾತೇ ದೇಶಕ್ಕೆ ಹೊಸದಾಗಿತ್ತು. ಕೇಂದ್ರ ಸರ್ಕಾರದ ನಿಯಮಗಳು ಬಂದದ್ದು 2011ರಲ್ಲಿ. ಅವು ಜಾರಿಯಾದದ್ದು 2012ರ ಮೇ ತಿಂಗಳಲ್ಲಿ. 2016ರಲ್ಲಿ ನಿಯಮಗಳನ್ನು ಪುನಾರಚಿಸಲಾಯಿತು. 2022ರಲ್ಲಿ ರೂಪುಗೊಂಡು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈಗಿನ ನಿಯಮಗಳು, ಹಳೆಯ ಉಪಕರಣಗಳನ್ನು ದುರಸ್ತಿಗೊಳಿಸಿ ಮತ್ತೆ ಬಳಕೆಗೆ ತರುವವರನ್ನು ಒಂದು ಪ್ರತ್ಯೇಕ ವರ್ಗವೆಂದು ಗುರುತಿಸಿ ನೋಂದಣಿಗೆ ಒಳಪಡಿಸಿವೆ. ಉಪಕರಣದ ಆಯುಷ್ಯ ಹೆಚ್ಚಿದಷ್ಟು ಕಾಲ ಉತ್ಪಾದಕರ ಹೊಣೆಗಾರಿಕೆಯನ್ನು ಮುಂದೂಡುವ ಅವಕಾಶವೂ ಅಲ್ಲಿದೆ. ದುರಸ್ತಿಗೆ ಕಾನೂನು ಕೊಟ್ಟ ಮನ್ನಣೆ ಇದು.

ಒಡೆದು ಕರಗಿಸುವುದಕ್ಕಿಂತ ಉಳಿಸಿ ಬಳಸುವುದು ಮೇಲು ಎಂಬುದಕ್ಕೆ ಕಾರಣ ಸ್ಪಷ್ಟ. ಒಂದು ಸಣ್ಣ ವಿದ್ಯುನ್ಮಾನ ಫಲಕದಲ್ಲಿ ತಾಮ್ರ, ತವರ, ಚಿನ್ನದ ಲೇಪ, ಗಾಜಿನ ನಾರು, ರಾಳ, ಬೆಂಕಿನಿರೋಧಕ ರಾಸಾಯನಿಕಗಳೆಲ್ಲ ಬಿಡಿಸಲಾಗದಂತೆ ಬೆಸೆದಿರುತ್ತವೆ. ಎಷ್ಟೇ ಉತ್ತಮ ಕಾರ್ಖಾನೆಯಾದರೂ ಎಲ್ಲವನ್ನೂ ಮರಳಿ ಪಡೆಯಲಾರದು. ಗುಜರಿ ಬೀದಿಯ ಬೆಂಕಿ ಮತ್ತು ಆಮ್ಲದ ಬಾನಿಗಳಲ್ಲಂತೂ ಉಳಿಯುವುದು ತಾಮ್ರ ಮತ್ತು ಚಿನ್ನ, ಮಿಕ್ಕದ್ದು ಕೆಲಸಗಾರನ ಶ್ವಾಸಕೋಶಕ್ಕೆ ಮತ್ತು ಚರಂಡಿಗೆ. 2006ರಲ್ಲಿ ಐರೋಪ್ಯ ಒಕ್ಕೂಟ ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದಾಗಲೂ, ಸರ್ವರ್ ಮತ್ತು ಜಾಲದ ದೊಡ್ಡ ಉಪಕರಣಗಳ ಬೆಸುಗೆಗೆ ವರ್ಷಗಳ ಕಾಲ ವಿನಾಯಿತಿ ಕೊಟ್ಟಿತ್ತು. ಆದ್ದರಿಂದ ಕಚೇರಿಯಿಂದ ಹೊರಬೀಳುವ ಹಳೆಯ ಪೆಟ್ಟಿಗೆಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಲೋಹ ಒಮ್ಮೆ ಮಣ್ಣು ಸೇರಿದರೆ ಸೊಪ್ಪಿನಂತೆ ಕೊಳೆಯುವುದಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸಲಾಗುತ್ತಿರುವ ಈ ದಿನಗಳಲ್ಲಿ, ನಗರದ ಚರಂಡಿಗೆ ಏನು ಸೇರುತ್ತದೆ ಎಂಬುದು ದೂರದ ಹೊಲದವನ ಪ್ರಶ್ನೆಯೂ ಆಗಿದೆ.

ಇಷ್ಟಾದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಗೆ ಬರಬೇಕು. ಅದರಲ್ಲಿರುವುದು ವಿದ್ಯುತ್ತು.

ಮನೆಯ ರೌಟರು ಫ್ರಿಜ್ಜಿನಂತೆ ಆಗಾಗ ವಿಶ್ರಮಿಸುವುದಿಲ್ಲ. ಮಿಕ್ಸಿಯಂತೆ ಐದು ನಿಮಿಷ ಓಡಿ ನಿಲ್ಲುವುದೂ ಇಲ್ಲ. ವರ್ಷದ 8,760 ತಾಸೂ ಅದು ಉರಿಯುತ್ತಲೇ ಇರುತ್ತದೆ. ಸಾಮಾನ್ಯ ಮನೆಬಳಕೆಯ ರೌಟರು 8 ವಾಟ್ ಎಳೆಯುತ್ತದೆಂದು ಹಿಡಿದರೆ ವರ್ಷಕ್ಕೆ 70 ಯೂನಿಟ್ ಆಯಿತು. ನೂರಾರು ಉದ್ಯೋಗಿಗಳ ಕಚೇರಿಗಾಗಿ ರೂಪಿಸಿದ, ಚೌಕಟ್ಟಿಗೆ ಬಿಗಿಯುವ ಹಳೆಯ ಫೈರ್‌ವಾಲ್ ಪೆಟ್ಟಿಗೆಯೊಂದು 50 ವಾಟ್ ಎಳೆದರೆ, ವರ್ಷಕ್ಕೆ 438 ಯೂನಿಟ್. ಮನೆಯಲ್ಲಿ ಇಬ್ಬರೇ ಇದ್ದರೂ, ಇಬ್ಬರೂ ಮಲಗಿದ್ದರೂ ಈ ಅಂಕಿ ಹೆಚ್ಚೇನೂ ಇಳಿಯದು. ಏಕೆಂದರೆ ಇಂಥ ಯಂತ್ರಗಳಲ್ಲಿ ಕೆಲಸವಿಲ್ಲದಾಗಿನ ಎಳೆತ ಕೆಲಸವಿರುವಾಗಿನ ಎಳೆತಕ್ಕಿಂತ ತೀರ ಕಡಿಮೆ ಏನಲ್ಲ. ಎರಡರ ನಡುವಿನ ಅಂತರ ವರ್ಷಕ್ಕೆ 368 ಯೂನಿಟ್. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, 250 ಕಿಲೋಗ್ರಾಮಿಗೂ ಹೆಚ್ಚು. ಹೊಸ ಸಣ್ಣ ರೌಟರೊಂದನ್ನು ತಯಾರಿಸಲು 150 ಯೂನಿಟ್ಟಿಗೆ ಸಮನಾದ ಶಕ್ತಿ ಬೇಕಾಯಿತೆಂದು ಉದಾರವಾಗಿ ಲೆಕ್ಕ ಹಾಕಿದರೂ, ಆ ಉಳಿತಾಯವನ್ನು ಹಳೆಯ ಪೆಟ್ಟಿಗೆ ಐದೇ ತಿಂಗಳಲ್ಲಿ ತಿಂದು ಮುಗಿಸುತ್ತದೆ. ಆ ಬಳಿಕ ಅದು ಓಡುವ ಪ್ರತಿ ದಿನವೂ ಪರಿಸರಕ್ಕೆ ಸಾಲವೇ.

ಈ ಯೂನಿಟ್ಟುಗಳನ್ನು ಮಲೆನಾಡಿನ ಭಾಷೆಗೆ ತಿರುಗಿಸಿ ನೋಡಬಹುದು. ಶರಾವತಿ ವಿದ್ಯುದಾಗಾರದ ಟರ್ಬೈನುಗಳಿಗೆ ತಳಕಳಲೆಯ ನೀರು 400 ಮೀಟರಿಗೂ ಹೆಚ್ಚಿನ ಎತ್ತರದಿಂದ ಬೀಳುತ್ತದೆ. ಯಂತ್ರಗಳ ನಷ್ಟವನ್ನು ಕಳೆದರೆ ಸಾವಿರ ಲೀಟರ್ ನೀರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಅಂದರೆ ಆ 50 ವಾಟಿನ ಪೆಟ್ಟಿಗೆಯ ಪಾಲಿಗೆ ವರ್ಷಕ್ಕೆ ನಾಲ್ಕು ಲಕ್ಷ ಲೀಟರಿಗೂ ಮಿಕ್ಕಿದ ನೀರು ಘಟ್ಟ ಇಳಿಯಬೇಕು. ಬೆಂಗಳೂರಿಗೆ ಹೋಗುವ ವಿದ್ಯುತ್ತೆಲ್ಲ ಶರಾವತಿಯದಲ್ಲ ಎಂಬುದು ನಿಜ. ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಎಲ್ಲವೂ ಅದರಲ್ಲಿ ಬೆರೆತಿವೆ. ಯಲಹಂಕದಲ್ಲಿಯೇ, ಹಿಂದೆ ಡೀಸೆಲ್ ವಿದ್ಯುತ್ ಘಟಕವಿದ್ದ ಕಡೆ, 370 ಮೆಗಾವಾಟಿನ ಅನಿಲ ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಇಲ್ಲಿ ಪ್ರಶ್ನೆ ಯಾವ ಹನಿ ಯಾರ ಮನೆಗೆ ಎಂಬುದಲ್ಲ. ಹಗಲಿರುಳೆನ್ನದೆ ಎಳೆಯುವ ಯಂತ್ರ ಯಾವ ಬಗೆಯ ಬೇಡಿಕೆಯನ್ನು ಹುಟ್ಟಿಸುತ್ತದೆ ಎಂಬುದು.

ಹಗಲಿನ ಬಿಸಿಲಿನಿಂದ ಬರುವ ವಿದ್ಯುತ್ತು ಈಗ ರಾಜ್ಯದಲ್ಲಿ ಸಾಕಷ್ಟಿದೆ. ಕೊರತೆ ಕಾಡುವುದು ಸಂಜೆಗೆ ಮತ್ತು ಇರುಳಿಗೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ, 2,000 ಮೆಗಾವಾಟಿನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಮರ್ಥಿಸುವವರು ಮುಂದಿಡುವ ವಾದ ಇದೇ. ಹಗಲಲ್ಲಿ ಹೆಚ್ಚಾದ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಕತ್ತಲಾದ ಮೇಲೆ ಕೆಳಗಿಳಿಸಿ ಬೇಡಿಕೆ ಪೂರೈಸಬೇಕು ಎನ್ನುತ್ತಾರೆ. ಎತ್ತುವುದಕ್ಕೆ ವ್ಯಯಿಸಿದ ವಿದ್ಯುತ್ತಿನಲ್ಲಿ ಸುಮಾರು ಐದನೆಯ ಒಂದು ಭಾಗ ಮರಳಿ ಬರುವುದೇ ಇಲ್ಲ. ಆ ಯೋಜನೆಯ ವಿರುದ್ಧ ಕಾಡಿನ ಪರವಾಗಿ ನಿಲ್ಲುವವರು, ಇರುಳಿನ ಬೇಡಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ತೋರಿಸಿಕೊಡಬೇಕಾಗುತ್ತದೆ. ಮಧ್ಯರಾತ್ರಿ ಮೂರು ಗಂಟೆಗೆ, ಎಲ್ಲರೂ ಮಲಗಿರುವಾಗ, ಒಂದು ಮನೆಗಾಗಿ ನೂರು ಜನರ ಯಂತ್ರ ಎಚ್ಚರವಾಗಿರುವುದು ಅಂಥ ಬೇಡಿಕೆಯ ಒಂದು ಸಣ್ಣ ಎಳೆ.

ಸಣ್ಣದು ಎಂಬ ಮಾತಿಗೆ ತಕ್ಷಣ ಆಕ್ಷೇಪ ಬರುತ್ತದೆ. ನಾಗವಾರದ ಮಾನ್ಯತಾ ಉದ್ಯಾನದಂಥ ಒಂದು ಕಚೇರಿ ಸಮುಚ್ಚಯದ ಹವಾನಿಯಂತ್ರಣದ ಮುಂದೆ ಹವ್ಯಾಸಿಯೊಬ್ಬನ 40 ವಾಟ್ ಯಾವ ಲೆಕ್ಕ? ಆಕ್ಷೇಪದಲ್ಲಿ ಹುರುಳಿದೆ. ದೊಡ್ಡ ಬಳಕೆದಾರರ ಲೆಕ್ಕವನ್ನು ಮೊದಲು ಕೇಳಬೇಕು. ಆದರೆ ಗುಣಾಕಾರವನ್ನೂ ಮಾಡಿ ನೋಡಬೇಕು. ಒಂದು ಲಕ್ಷ ಮನೆಗಳು ಅನಗತ್ಯವಾಗಿ ತಲಾ 40 ವಾಟ್ ಎಳೆಯುತ್ತವೆಂದು ಉದಾಹರಣೆಗಾಗಿ ಇಟ್ಟುಕೊಂಡರೆ, ನಿರಂತರವಾಗಿ 4 ಮೆಗಾವಾಟ್, ವರ್ಷಕ್ಕೆ ಸುಮಾರು 3.5 ಕೋಟಿ ಯೂನಿಟ್. ಶರಾವತಿಯ ಅಳತೆಯಲ್ಲಿ ಅದು ಒಂದೂಕಾಲು ಟಿಎಂಸಿ ನೀರು ಬಿದ್ದಂತೆ. ಇಡೀ ಲಿಂಗನಮಕ್ಕಿಯ ಸಂಗ್ರಹ 151 ಟಿಎಂಸಿ. ಅದೇ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಮಲೆನಾಡು ಬೀದಿಗಿಳಿಯಿತು. ಕೊಳವೆಯಲ್ಲಿ ಹೋಗುವ ನೀರು ಕಣ್ಣಿಗೆ ಕಾಣುತ್ತದೆ. ತಂತಿಯಲ್ಲಿ ಹೋಗುವ ನೀರು ಕಾಣುವುದಿಲ್ಲ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳವರಿಗೂ 1960ರ ದಶಕದಲ್ಲಿ ನಾಡಿನ ಬೆಳಕಿನ ಮುಂದೆ ನಿಮ್ಮ ನಾಲ್ಕು ಎಕರೆ ಯಾವ ಲೆಕ್ಕ ಎಂಬ ಧಾಟಿಯ ಮಾತೇ ಎದುರಾಗಿತ್ತು. ಸಣ್ಣದನ್ನು ಲೆಕ್ಕಕ್ಕೆ ಹಿಡಿಯದ ಗಣಿತದ ರುಚಿ ಮಲೆನಾಡಿಗೆ ಚೆನ್ನಾಗಿ ಗೊತ್ತು.

ಬಿಲ್ಲು ಕೂಡ ಇಲ್ಲಿ ಎಚ್ಚರಿಕೆಯ ಗಂಟೆ ಬಾರಿಸದೇ ಹೋಗಬಹುದು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ ಮನೆಗಳಿಗೆ ಉಚಿತ ವಿದ್ಯುತ್ತಿನ ಮಿತಿಯನ್ನು ಗೊತ್ತುಮಾಡಲಾಯಿತು. ಬಡ ಮನೆಗಳಿಗೆ ಅದು ದೊಡ್ಡ ಆಸರೆ. ಆದರೆ ಶೂನ್ಯ ಬಿಲ್ಲು ಶೂನ್ಯ ಬಳಕೆಯಲ್ಲ. ಆ 50 ವಾಟಿನ ಪೆಟ್ಟಿಗೆ ತಿಂಗಳಿಗೆ 36 ಯೂನಿಟ್ ನುಂಗುತ್ತಿದ್ದರೂ ಮಿತಿಯೊಳಗಿರುವ ಮನೆಯವರಿಗೆ ಅದು ತಿಳಿಯುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ಇಂದು ನಗರದ ಬಹುತೇಕ ಮನೆಗಳಿಗೆ ಅಂತರಜಾಲ ಬರುವುದು ಗಾಜಿನೆಳೆಯ ಮೂಲಕ. ಸೇವೆ ಕೊಡುವವರೇ ಒಂದು ಪೆಟ್ಟಿಗೆಯನ್ನು ತಂದು ಗೋಡೆಗೆ ಸಿಕ್ಕಿಸುತ್ತಾರೆ. ಸಾಮಾನ್ಯವಾಗಿ ಅದರಲ್ಲಿಯೇ ರೌಟರೂ ವೈ-ಫೈಯೂ ಸೇರಿರುತ್ತವೆ. ಆ ಪೆಟ್ಟಿಗೆಯನ್ನು ತೆಗೆಯುವಂತಿಲ್ಲ, ಅದು ಹೇಗೂ ಉರಿಯುತ್ತಲೇ ಇರುತ್ತದೆ. ಅದರ ಹಿಂದೆ ಕಚೇರಿಯ ಹಳೆಯ ಪೆಟ್ಟಿಗೆಯನ್ನು ಜೋಡಿಸಿದರೆ ಹೊಸ ರೌಟರೊಂದರ ಖರೀದಿ ತಪ್ಪಿತೇ? ತಪ್ಪಲಿಲ್ಲ. ಒಂದು ಇದ್ದ ಕಡೆ ಎರಡಾದವು ಅಷ್ಟೆ. ಮರುಬಳಕೆ ಎಂಬ ಹೆಸರು ಸಲ್ಲುವುದು ಹಳೆಯದು ಹೊಸದೊಂದರ ಜಾಗವನ್ನು ತುಂಬಿದಾಗ ಮಾತ್ರ. ಇದ್ದುದರ ಜೊತೆಗೆ ಇನ್ನೊಂದು ಸೇರಿದರೆ ಅದು ಸಂಗ್ರಹ. ಸಂಗ್ರಹಕ್ಕೆ ಹಸಿರು ಬಣ್ಣ ಬಳಿಯುವುದು ಬೇಡ.

ಹಾಗಾದರೆ ಹಳೆಯದನ್ನೆಲ್ಲ ಗುಜರಿಗೆ ಹಾಕಬೇಕೇ? ಇಲ್ಲಿ ಹೆಬ್ಬಾಳದ್ದೇ ಒಂದು ಹಳೆಯ ಪಾಠ ನೆರವಿಗೆ ಬರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೂಲವನ್ನು ಹುಡುಕಿ, ಅದಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಹೆಬ್ಬಾಳದ ಕೃಷಿ ಶಾಲೆಯ ಹುಟ್ಟಿನಲ್ಲಿಯೂ ಅವರ ಪಾತ್ರವಿತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದಿಗೂ ಮಲೆನಾಡಿನ ಪ್ರತಿ ತೋಟಿಗನ ನಾಲಿಗೆಯ ಮೇಲಿದೆ. ಅದೇ ತಾಮ್ರ ಹದ ತಪ್ಪಿದರೆ ಎಲೆ ಸುಡುತ್ತದೆ. ವರ್ಷ ವರ್ಷವೂ ಮಿತಿಮೀರಿ ಸುರಿದರೆ ತೋಟದ ಮಣ್ಣಿನಲ್ಲಿ ಕೂರುತ್ತದೆ. ಮದ್ದು ಒಳ್ಳೆಯದೋ ಕೆಟ್ಟದೋ ಎಂದು ಯಾವ ತೋಟಿಗನೂ ಕೇಳುವುದಿಲ್ಲ. ಎಷ್ಟು ಎಂದು ಕೇಳುತ್ತಾನೆ. ಹಳೆಯ ಉಪಕರಣಕ್ಕೂ ಅದೇ ಪ್ರಶ್ನೆ ಹಾಕಬೇಕು.

ಹಾಗೆ ಕೇಳಿದಾಗ ಉತ್ತೀರ್ಣವಾಗುವ ಹಳೆಯ ಪೆಟ್ಟಿಗೆಗಳೂ ಬೇಕಾದಷ್ಟಿವೆ. ಕಚೇರಿಗಳ ಛಾವಣಿಯಲ್ಲಿ ಅಂಟಿಕೊಂಡಿದ್ದ ವೈ-ಫೈ ತಟ್ಟೆಗಳು, ಉದಾಹರಣೆಗೆ ಅರೂಬಾ ಎಪಿ-105, ಮೆರಾಕಿ ಎಂಆರ್18 ಮಾದರಿಗಳು, ಓಪನ್‌ಡಬ್ಲ್ಯುಆರ್‌ಟಿ ತುಂಬಿಸಿಕೊಂಡು ಮನೆಯ ರೌಟರಾಗಿ ನಡೆಯಬಲ್ಲವು. ಅವುಗಳ ವೇಗ ಇಂದಿನ ಹೊಸ ಮಾದರಿಗಳಷ್ಟಿಲ್ಲ. ಸಾಮಾನ್ಯ ಮನೆಯ ಅಗತ್ಯಕ್ಕೆ ಸಾಲದೇನೂ ಅಲ್ಲ. ಬ್ಯಾಂಕು, ಕಚೇರಿಗಳ ಮೇಜಿನ ಮೇಲಿದ್ದ ಥಿನ್ ಕ್ಲೈಂಟ್ ಎಂಬ ಪುಟ್ಟ ಗಣಕಗಳಲ್ಲಿ ಅನೇಕಕ್ಕೆ ಫ್ಯಾನೇ ಇಲ್ಲ. ಎಳೆತವೂ ಕಡಿಮೆ. ಅವುಗಳಲ್ಲಿ ಒಪಿಎನ್‌ಸೆನ್ಸ್ ಚೆನ್ನಾಗಿ ಓಡುತ್ತದೆ. ಶಾಖಾ ಕಚೇರಿಗಳಿಗಾಗಿಯೇ ಮಾಡಿದ ಸಣ್ಣ ಫೈರ್‌ವಾಲ್ ಪೆಟ್ಟಿಗೆಗಳೂ ಇದೇ ಗುಂಪಿಗೆ ಸೇರುತ್ತವೆ. ತಿರಸ್ಕರಿಸಬೇಕಾದದ್ದು ಚೌಕಟ್ಟಿಗೆ ಬಿಗಿಯುವ, ಸಣ್ಣ ಫ್ಯಾನುಗಳು ಶಿಳ್ಳೆ ಹಾಕುವ ದೊಡ್ಡಣ್ಣಗಳನ್ನು. ಅವುಗಳ ನಿಜವಾದ ಎರಡನೆಯ ಬಾಳು ಒಂದು ಶಾಲೆ, ಗ್ರಂಥಾಲಯ, ಸಹಕಾರ ಸಂಘ ಅಥವಾ ನೂರು ಮನೆಗಳ ವಸತಿ ಸಮುಚ್ಚಯದಲ್ಲಿದೆ. ನೂರು ಜನರ ಯಂತ್ರಕ್ಕೆ ನೂರು ಜನ ಸಿಕ್ಕರೆ ತಲಾ ಎಳೆತ ಅರ್ಧ ವಾಟಿಗಿಳಿಯುತ್ತದೆ.

ಕೊಳ್ಳುವ ಮೊದಲು ಪರೀಕ್ಷಿಸಲು ದೊಡ್ಡ ವಿದ್ಯೆ ಬೇಕಿಲ್ಲ. ಪ್ಲಗ್ಗಿಗೂ ಪೆಟ್ಟಿಗೆಗೂ ನಡುವೆ ಸಿಕ್ಕಿಸುವ ವಾಟ್ ಮೀಟರು ಸಾಕು. ಕೆಲಸವಿಲ್ಲದಾಗ 15 ವಾಟ್ ಮೀರುವ ಉಪಕರಣ ಒಂದು ಮನೆಗೆ ಹೆಚ್ಚೇ. ಪೆಟ್ಟಿಗೆಯ ಹಿಂಬದಿಯಲ್ಲಿ ಮುದ್ರಿಸಿದ ಅಂಕಿ ಗರಿಷ್ಠ ಮಿತಿಯನ್ನು ಹೇಳುತ್ತದೆಯೇ ಹೊರತು ನಿಜವಾದ ಎಳೆತವನ್ನಲ್ಲ. ಆದ್ದರಿಂದ ಅಳೆದೇ ನೋಡಬೇಕು. ಎರಡನೆಯದಾಗಿ, ಆ ಮಾದರಿಗೆ ಮುಕ್ತ ತಂತ್ರಾಂಶದ ಬೆಂಬಲ ಈಗಲೂ ಇದೆಯೇ ಎಂದು ವಿಚಾರಿಸಬೇಕು. ಮೂರನೆಯದಾಗಿ, ಪರವಾನಗಿಯ ಬೀಗ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ತಂತ್ರಾಂಶದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಸಡ್ಡೆಗೊಳಗಾದ ಕ್ಯಾಮೆರಾ, ರೌಟರುಗಳನ್ನು ಸೇನೆಯಾಗಿ ಕಟ್ಟಿಕೊಂಡು ಜಗತ್ತಿನ ದೊಡ್ಡ ತಾಣಗಳನ್ನೇ ಸ್ತಬ್ಧಗೊಳಿಸಿತ್ತು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು 54 ದೇಶಗಳಲ್ಲಿ ಕನಿಷ್ಠ ಐದು ಲಕ್ಷ ಸಾಧನಗಳನ್ನು ಹೊಕ್ಕಿತ್ತು. ತಯಾರಕರ ಹಳೆಯ ತಂತ್ರಾಂಶವನ್ನೇ ಉಳಿಸಿಕೊಂಡು ಮನೆಯ ಬಾಗಿಲಿಗೆ ಕಾವಲಿಡುವುದೆಂದರೆ ತುಕ್ಕು ಹಿಡಿದ ಚಿಲಕವನ್ನು ನಂಬಿದಂತೆ.

ಮಾರುವವರ ಹೊಣೆಯೂ ಇದೆ. ಈಸೆಟ್ ಎಂಬ ಭದ್ರತಾ ಸಂಸ್ಥೆ 2023ರಲ್ಲಿ ಹಳೆಯ ಕಚೇರಿ ರೌಟರುಗಳನ್ನು ಕೊಂಡು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಿಂದಿನ ಮಾಲೀಕರ ಜಾಲದ ಗುಟ್ಟುಗಳು ಅಳಿಸದೆ ಹಾಗೆಯೇ ಉಳಿದಿದ್ದವು. ಇಂಥ ಸುದ್ದಿಗೆ ಹೆದರಿ ಕಂಪನಿಗಳು ಹಳೆಯ ಉಪಕರಣಗಳನ್ನೆಲ್ಲ ಪುಡಿಮಾಡಿಸುವ ದಾರಿ ಹಿಡಿದರೆ ಅದು ಮೂಗಿಗೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ. ಅಳಿಸುವ ವಿಧಾನ ಇದೆ. ಅಳಿಸಿದೆ ಎಂದು ಬರೆದು ಕೊಡುವ ಕ್ರಮವನ್ನು ಕಡ್ಡಾಯ ಮಾಡಿದರೆ ಸಾಕು.

ಈ ಎಲ್ಲ ಮಾತು ಬೆಂಗಳೂರಿನವರಿಗೆ ಮಾತ್ರ ಎಂದು ಘಟ್ಟದ ಓದುಗರು ನೆಮ್ಮದಿಯಾಗಿ ಕೂರುವಂತಿಲ್ಲ. ಹಬ್ಬಕ್ಕೆ ಊರಿಗೆ ಬರುವ ಮಕ್ಕಳ ಚೀಲದಲ್ಲಿ ಯಶವಂತಪುರದ ರೈಲು ಹತ್ತಿ ಇಂಥ ಪೆಟ್ಟಿಗೆಗಳು ಸಾಗರ, ತೀರ್ಥಹಳ್ಳಿ, ಶಿರಸಿಗಳಿಗೂ ಬರಬಹುದು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ಅವುಗಳ ನಿಜವಾದ ತೂಕ ತಿಳಿಯುತ್ತದೆ. 12 ವೋಲ್ಟ್, 150 ಆಂಪಿಯರ್-ಅವರಿನ ಇನ್ವರ್ಟರ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವುದು ಕ್ಷೇಮ ಎಂದುಕೊಂಡರೆ, ಸಿಗುವುದು 900 ವಾಟ್-ತಾಸು. ಇನ್ವರ್ಟರಿನ ಸ್ವಂತ ಬಳಕೆಯನ್ನು ಬದಿಗಿಟ್ಟರೂ 50 ವಾಟಿನ ಪೆಟ್ಟಿಗೆ 18 ತಾಸಿಗೆ ಬ್ಯಾಟರಿಯನ್ನು ಬರಿದುಮಾಡುತ್ತದೆ. 10 ವಾಟಿನದಾದರೆ 90 ತಾಸು. ಜುಲೈ ತಿಂಗಳ ಕತ್ತಲೆಯಲ್ಲಿ ಆಸ್ಪತ್ರೆಗೆ ಒಂದು ಕರೆ ಮಾಡಬೇಕಾಗಿ ಬಂದವರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಚಳವಳಿಯ ಬೇಡಿಕೆಗಳು ಹೀಗಿರಬೇಕು. ಬೆಂಬಲ ನಿಲ್ಲಿಸುವ ದಿನ ಉಪಕರಣದ ಬೀಗವನ್ನೂ ತೆಗೆದುಕೊಡಬೇಕೆಂದು ತಯಾರಕರನ್ನು ಕಾನೂನು ಕಟ್ಟಿಹಾಕಬೇಕು. ಕಂಪನಿಗಳು ಹರಾಜಿಗಿಡುವ ಮುನ್ನ ಮಾಹಿತಿ ಅಳಿಸಿ, ನೋಂದಾಯಿತ ದುರಸ್ತಿದಾರರಿಗೇ ಒಪ್ಪಿಸಬೇಕು. ದುರಸ್ತಿಯಾದ ಪ್ರತಿ ಪೆಟ್ಟಿಗೆಯ ಮೇಲೆ, ಅಳೆದು ನೋಡಿದ ವಾಟಿನ ಅಂಕಿಯ ಚೀಟಿ ಇರಬೇಕು. ಫ್ರಿಜ್ಜಿಗೆ ನಕ್ಷತ್ರದ ಗುರುತು ಕಡ್ಡಾಯವಾಗಬಹುದಾದರೆ ವರ್ಷವಿಡೀ ಉರಿಯುವ ಪೆಟ್ಟಿಗೆಗೆ ಒಂದು ಅಂಕಿಯಾದರೂ ಬೇಡವೇ? ಸರ್ಕಾರಿ ಶಾಲೆಗಳು, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಯೋಗ್ಯವಾದ ಹಳೆಯ ಉಪಕರಣಗಳನ್ನು ಪಡೆಯಲು ಸರಳವಾದ ದಾರಿ ಇರಬೇಕು.

ಅದಕ್ಕೂ ಮೊದಲು ಪ್ರತಿ ಮನೆಯವರೂ ಉತ್ತರಿಸಬೇಕಾದ ಪ್ರಶ್ನೆ ಒಂದಿದೆ. ಗೋಡೆಗೆ ಈಗಾಗಲೇ ಸಿಕ್ಕಿಸಿರುವ ಪೆಟ್ಟಿಗೆ ಸಾಲದೇ? ಸಾಲದಾದರೆ ಹಗುರವಾದ ಹಳೆಯದೊಂದನ್ನು ಹುಡುಕಿ ತರಲಿ. ಅದು ಹೊಸದನ್ನು ಕೊಳ್ಳುವುದಕ್ಕಿಂತ ಖಂಡಿತ ಮೇಲು. ಸಾಕಾಗುತ್ತದಾದರೆ ಅದನ್ನೇ ಅದು ಕೆಡುವವರೆಗೆ ಬಳಸಲಿ. ಇರುಳು ಮಲಗುವಾಗ ಬೇಡವಾದ ಪೆಟ್ಟಿಗೆಯ ಸ್ವಿಚ್ಚು ಆರಿಸುವ ಕೈಯೂ ಶರಾವತಿಯ ಕಣಿವೆಯನ್ನು ಕಾಯುವ ಕೈಗಳಲ್ಲಿ ಒಂದು.